ಸಿಕ್ಸ್ ಆಫ್ ಕ್ರೋಸ್: ಕಿವೀಲಿ, ಸ್ಕ್ರೀನಲ್ಲಿ, ಕಾಗದದಲ್ಲಿ

ಒಂದೇ ಕಾದಂಬರೀನ ಮೂರು ಥರ ಓದಿ ನೋಡೋ ಹುಚ್ಚು ನಂಗ್ಯಾಕೆ ಬಂತೋ ಗೊತ್ತಿಲ್ಲ, ಪ್ಲಾನ್ ಮಾಡಿದ್ದಂತೂ ಅಲ್ಲ. ಲೀ ಬಾರ್ಡೂಗೊ ಅವರ ಸಿಕ್ಸ್ ಆಫ್ ಕ್ರೋಸ್, 2015ರಲ್ಲಿ ಬಂದ ಯಂಗ್ ಅಡಲ್ಟ್ ಫ್ಯಾಂಟಸಿ, ಅಂದ್ರೆ ಹದಿಹರೆಯದೋರಿಗೆ ಅಂತ ಬರೆದ ಕಲ್ಪನಾ ಲೋಕದ ಕಥೆ. ಕೆಟರ್‌ಡ್ಯಾಮ್ ಅನ್ನೋ ಬಂದರು ಊರಿನ ಆರು ಜನ ಪುಂಡ ಹುಡುಗ ಹುಡುಗೀರು ಐಸ್ ಕೋರ್ಟ್ ಅನ್ನೋ ಕೋಟೆಯೊಳಗೆ ನುಗ್ಗಿ ಒಬ್ಬ ವಿಜ್ಞಾನೀನ ಎತ್ಕೊಂಡ್ ಬರ್ಬೇಕು, ಕಥೆ ಇಷ್ಟೇ. ಈ ಆರು ಜನಕ್ಕೆ ಕಾಜ್ ನಾಯಕ, ಜೊತೆಗೆ ಇನೆಜ್, ಜೆಸ್ಪರ್, ನೀನಾ, ಮಥಾಯಸ್, ವೈಲನ್.

ಶುರು ಮಾಡಿದ್ದು ಆಡಿಯೋದಲ್ಲಿ, ಪಾತ್ರೆ ತೊಳೀತಾ. ಮೊದಲ್ನೇ ಅಧ್ಯಾಯ ಯೋಸ್ಟ್ ಅನ್ನೋ ಕಾವಲುಗಾರಂದು, ನಾನು ಪಾಪ ಇವನೇ ಹೀರೋ ಅನ್ಕೊಂಡು ಅವನ ಕಷ್ಟ ಸುಖ ಎಲ್ಲ ಮನಸ್ಸಿಗೆ ಹಚ್ಕೊಂಡು ಕೂತೆ, ಎರಡನೇ ಅಧ್ಯಾಯಕ್ಕೆ ಬಂದ್ರೆ ಆಸಾಮಿ ನಾಪತ್ತೆ. ಪುಸ್ತಕ ಆಗಿದ್ರೆ ಎರಡು ಪುಟ ಹಿಂದೆ ತಿರುವಿ ನೋಡ್ಬೋದಿತ್ತು, ಕೈ ತುಂಬ ಸೋಪು ಇರೋವಾಗ ಫೋನ್ ಮುಟ್ಟೋದು ಹೆಂಗೆ? ಒಂದೊಂದು ಪಾತ್ರದ ಅಧ್ಯಾಯಕ್ಕೆ ಒಬ್ಬೊಬ್ಬರು ಬೇರೆ ಬೇರೆ ದನಿಯವರು ಓದ್ತಾರೆ, ಅದು ಕೇಳೋಕೆ ಚೆನ್ನಾಗಿದೆ, ಆದ್ರೆ ಇನೆಜ್ ಅಧ್ಯಾಯದಲ್ಲಿ ಕಾಜ್ ಮಾತಾಡಿದ್ರೆ ಅದು ಇನೆಜ್ ಓದೋರ ಬಾಯಲ್ಲಿರೋ ಕಾಜ್, ಅವನದೇ ಅಧ್ಯಾಯದ ಕಾಜ್ ಅಲ್ಲ. ಹಾಗಾಗಿ ನನ್ನ ತಲೇಲಿ ಒಬ್ಬನೇ ಹುಡುಗ ನಾಲ್ಕೈದು ಹುಡುಗರಾಗಿ ಓಡಾಡ್ತಿದ್ದ. ಅಂದಹಾಗೆ ಇನೆಜ್ ಅಂತ ಬರೆದ್ನಲ್ಲ, ಆಡಿಯೋದಲ್ಲಿ ಕೇಳೋ ಆ ಕೊನೇ ಶಬ್ದಕ್ಕೆ ನಮ್ಮಲ್ಲಿ ಅಕ್ಷರಾನೇ ಇಲ್ಲ. ಬರೀ ಕೇಳಿಸ್ಕೊಂಡು ಹೆಸರು ಹುಡುಕೋಕೆ ಹೋಗಿ ಎಷ್ಟು ಸ್ಪೆಲ್ಲಿಂಗ್ ಒದ್ದಾಡಿದ್ನೋ.

ಕಾಲು ಭಾಗ ಆಗೋವಾಗ ಸಾಕಪ್ಪಾ ಅಂತ ಇ-ಬುಕ್‌ಗೆ ಜಿಗಿದೆ. ಸ್ಪೀಡು ಅಂದ್ರೆ ಇದೇ. ಲೈಟ್ ಆರಿಸಿ ಮಲಗ್ಕೊಂಡು ಇನ್ನೊಂದೇ ಅಧ್ಯಾಯ ಇನ್ನೊಂದೇ ಅಧ್ಯಾಯ ಅಂತ ಎರಡು ರಾತ್ರೀಲಿ ಮುಗಿಸ್ದೆ. ಆದ್ರೆ ನನ್ನ ಕೈಯಾರೆ ಒಂದು ಎಡವಟ್ಟು ಮಾಡ್ಕೊಂಡೆ, ಅದು ಇವತ್ತಿಗೂ ಹೊಟ್ಟೆ ಉರಿಸುತ್ತೆ. ಕಾಜ್ ಯಾವಾಗ್ಲೂ ಗ್ಲೌಸ್ ಹಾಕ್ಕೊಂಡೇ ಇರ್ತಾನೆ, ಯಾಕೆ ಅಂತ ಊರೆಲ್ಲ ಒಂದೊಂದು ಕಥೆ ಕಟ್ಟಿರುತ್ತೆ. ಹಿಂದೆ ಯಾರೋ ಏನೋ ಅಂದಿದ್ರಲ್ಲ, ನೋಡೋಣ ಅಂತ ಗ್ಲೌಸ್ ಅಂತ ಸರ್ಚ್ ಕೊಟ್ಟೆ. ಆ ಸರ್ಚ್‌ಗೆ ನಾನು ಎಲ್ಲೀವರೆಗೆ ಓದಿದೀನಿ ಅನ್ನೋದೆಲ್ಲ ಬೇಕಾಗಿಲ್ಲ, ಇಡೀ ಪುಸ್ತಕದ ಸಾಲುಗಳನ್ನ ತಂದು ಸಾಲಾಗಿ ಸುರಿದುಬಿಡ್ತು. ಕಣ್ಣು ಜಾರಿ ಕೆಳಗಿನ ಒಂದು ಸಾಲಿಗೆ ಬಿತ್ತು, ಮುಗೀತು, ಅಷ್ಟು ಹೊತ್ತು ಬಚ್ಚಿಟ್ಟಿದ್ದ ಕಾರಣ ಅಲ್ಲೇ ಗೊತ್ತಾಗೋಯ್ತು. ಆ ಅಧ್ಯಾಯ ನಿಜವಾಗ್ಲೂ ಬಂದಾಗ ನಾನು ಅಳ್ಲಿಲ್ಲ, ಓ ಇದೇನಾ ಅಂತ ಮುಂದಕ್ಕೆ ಹೋದೆ.

ಐಸ್ ಕೋರ್ಟ್ ಮ್ಯಾಪ್ ವಿಷಯದಲ್ಲೂ ಇ-ಬುಕ್ ಸೋತಿದೆ. ಸುತ್ತ ಗೋಡೆ, ಅದರೊಳಗೆ ಜೈಲು, ಸೈನಿಕರ ಜಾಗ, ರಾಯಭಾರಿಗಳ ಜಾಗ, ನಡುವೆ ದ್ವೀಪ. ಸಣ್ಣ ಇ-ಇಂಕ್ ಸ್ಕ್ರೀನಲ್ಲಿ ಝೂಮ್ ಮಾಡೋಷ್ಟ್ರಲ್ಲಿ ಯಾರು ಯಾವ ಕಡೆಯಿಂದ ನುಗ್ತಿದಾರೆ ಅನ್ನೋದೇ ಮರ್ತೋಗ್ತಿತ್ತು. ಆಮೇಲೆ ಓದಿದ ಕಾಗದದ ಪ್ರತೀಲಿ ಮ್ಯಾಪ್ ಪುಟಕ್ಕೆ ಒಂದು ಬೆರಳು, ಓದ್ತಿರೋ ಪುಟಕ್ಕೆ ಇನ್ನೊಂದು, ಅಷ್ಟೇ ಕೆಲಸ. ಕಳ್ಳತನದ ಕಥೆಗೆ ಇದು ಬೇಕೇ ಬೇಕು ಕಣ್ರಿ, ಪ್ಲಾನ್ ಅರ್ಥ ಆಗ್ದೇ ಇದ್ರೆ ಪ್ಲಾನ್ ಕೆಟ್ಟಾಗ ಎದೆ ಧಸಕ್ ಅನ್ನೋದಾದ್ರೂ ಹೆಂಗೆ?

ರಿಯಾಕ್ಷನ್‌ಗೂ ಕಾಗದಾನೇ ವಾಸಿ. ಇ-ಬುಕ್ಕಲ್ಲಿ ನಾನು ಹೈಲೈಟ್ ಮಾಡಿದ್ದು ನೋಡಿದ್ರೆ ಬರೀ ಜೆಸ್ಪರ್ ಜೋಕುಗಳು. ಕಾಗದದ ಅಂಚಲ್ಲಿ ಪೆನ್ಸಿಲಲ್ಲಿ "ಬೇಡ ಕಣೋ", "ಇವಳನ್ನ ನಂಬ್ಬೇಡ", ಒಂದು ಕಡೆ ಬರೀ "ಥೂ" ಅಂತ ಗೀಚಿದೀನಿ. ಎರಡನೇ ಸಲ ಅದನ್ನೇ ಓದಿ ನಗ್ತಾ ಕೂತಿದ್ದೆ. ಪುಸ್ತಕ ದಪ್ಪ, ಮಲಗ್ಕೊಂಡು ಓದಿದ್ರೆ ಮೂಗಿನ ಮೇಲೆ ಬೀಳುತ್ತೆ, ಅದೊಂದು ಬೇರೆ ಕಥೆ.

ಇಷ್ಟೆಲ್ಲ ಆದ್ಮೇಲೆ ಆಡಿಯೋನ ಪೂರ್ತಿ ಇನ್ನೊಂದು ಸಲ ಕೇಳ್ದೆ. ಆಗ ಒಂದು ವಿಷ್ಯ ಹೊಳೀತು. ಓದುವಾಗ ನಂಗೆ ಇದ್ದ ದೊಡ್ಡ ತಕರಾರು ವಯಸ್ಸಿಂದು, ಕಾಜ್‌ಗೆ ಬರೀ 17 ವರ್ಷ, ಇಷ್ಟು ಚಿಕ್ಕ ಹುಡುಗ ಊರಿನ ರೌಡಿಗಳನ್ನೆಲ್ಲ ಹಿಂಗೆ ಕುಣಿಸ್ತಾನಾ ಅಂತ ಪ್ರತಿ ಸಲ ಕಿರಿಕಿರಿ. ಆಡಿಯೋದಲ್ಲಿ ಓದೋರು ದೊಡ್ಡೋರು, ಆ ಗಂಟಲು ಕೇಳಿದ್ರೆ 17 ಅನ್ನೋದು ನೆನಪಿಗೇ ಬರಲ್ಲ, ಅವನು ಹೇಳಿದ್ದೆಲ್ಲ ನಂಬ್ತೀನಿ. ನೀನಾ ಮಥಾಯಸ್ ಜಗಳಗಳೂ ಅಷ್ಟೇ, ಕಾಗದದಲ್ಲಿ ನಂಗೆ ಒಂಚೂರು ಬೋರು ಹೊಡೆಸಿದ್ವು, ಕಿವೀಲಿ ಬಿದ್ದಾಗ ನಡುರಸ್ತೇಲಿ ನಗು ಬಂತು. ಕಥೆ ಮೊದ್ಲೇ ಗೊತ್ತಿತ್ತಲ್ಲ, ದಾರಿ ತಪ್ಪೋ ಪ್ರಶ್ನೇನೇ ಇರ್ಲಿಲ್ಲ.

2016ರ ಮುಂದಿನ ಭಾಗ ಕ್ರುಕೆಡ್ ಕಿಂಗ್‌ಡಮ್ ಕಾಗದದ್ದೇ ತಗೊಂಡಿದೀನಿ. ಮೊದ್ಲನೇ ಪುಸ್ತಕದಲ್ಲಿ ಆರು ಜನದಲ್ಲಿ ವೈಲನ್ ಒಬ್ಬನಿಗೇ ಸ್ವಂತ ಅಧ್ಯಾಯ ಇರ್ಲಿಲ್ಲ, ಇದರಲ್ಲಿ ಇದೆ. ಅವನ ಸರದಿ ಬಂದಾಗ ಮಾತ್ರ ಪುಸ್ತಕ ಮಡಚಿಟ್ಟು ಆಡಿಯೋ ಹಾಕ್ಕೊಳ್ಳೋಣ ಅಂತ, ಪಾಪ ಇಷ್ಟು ದಿನ ಸುಮ್ನಿದ್ದ ಹುಡುಗ.