ಮಂಡಗದ್ದೆ ದಾಟಿದ ಮೇಲಿನ ಸೈಕಲ್ ಶಾಪ್: ಒಬ್ಬರೇ ಹೊರಡುವವರು ಗುರುತಿಟ್ಟುಕೊಳ್ಳಿ

ಈ ಅಂಗಡಿಗೆ ಬೋರ್ಡ್ ಇಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವಾಗ ಮಂಡಗದ್ದೆ ದಾಟಿದ ಮೇಲೆ ಎಡಗಡೆ ಒಂದು ಹಂಚಿನ ಮನೆ, ಜಗಲಿಯ ತೊಲೆಗೆ ನೇತುಹಾಕಿದ ಹಳೇ ಟೈರುಗಳು, ಕೆಳಗೆ ನೀರು ತುಂಬಿದ ಬಾಣಲೆ. ಅಷ್ಟೇ ಗುರುತು. ಐದಕ್ಕೆ ಐದು ಕೊಡುತ್ತಿದ್ದೇನೆ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಒಬ್ಬರೇ ದೂರ ಹೊರಡುವವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಉಪಯೋಗವಾಗಲಿ.

ನಾನು ಹೊರಟಿದ್ದು ಆಗುಂಬೆಗೆ. ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್, ಅಲ್ಲಿಂದ ಮುಂದೆ ಇನ್ನೂ 30 ಚಿಲ್ಲರೆ. ಒಬ್ಬಳೇ ಇಷ್ಟು ದೂರ ಸೈಕಲ್ ತುಳಿದಿದ್ದು ಇದೇ ಮೊದಲು. ಗಾಜನೂರು, ಸಕ್ರೆಬೈಲು ಎಲ್ಲ ಆರಾಮಾಗಿ ದಾಟಿತು. ಮಂಡಗದ್ದೆ ಆದಮೇಲೆ ಒಂದು ಏರಿನಲ್ಲಿ ಹಿಂದಿನಿಂದ ಟಣ್ ಅಂತ ಶಬ್ದ ಬಂತು, ಚಕ್ರ ಬ್ರೇಕಿಗೆ ಉಜ್ಜತೊಡಗಿತು. ಹಿಂದಿನ ಚಕ್ರದ ಕಡ್ಡಿ (ಸ್ಪೋಕ್) ಮುರಿದಿತ್ತು. ಅದೂ ಗೇರ್ ಕಡೆಯದು. ಬ್ಯಾಗಿನ ಭಾರವೆಲ್ಲ ಹಿಂದಿನ ಚಕ್ರದ ಮೇಲೆ ಬೀಳುತ್ತದೆ, ಗೇರ್ ಕಡೆಯ ಕಡ್ಡಿಗಳು ಮೊದಲೇ ಜಾಸ್ತಿ ಬಿಗಿ ಇರುತ್ತವೆ, ಹಾಗಾಗಿ ಹೋಗುವುದಾದರೆ ಸಾಮಾನ್ಯವಾಗಿ ಅಲ್ಲೇ ಹೋಗುತ್ತದೆ. ಹಾಗೇ ಓಡಿಸಿದರೆ ಪಕ್ಕದ ಕಡ್ಡಿಗಳೂ ಒಂದೊಂದಾಗಿ ಹೋಗುತ್ತವೆ.

ತಳ್ಳಿಕೊಂಡು ನಡೆಯುತ್ತಿದ್ದೆ. ಹಿಂದಿನ ಸೀಟಿಗೆ ಅಡಿಕೆ ಮೂಟೆ ಕಟ್ಟಿಕೊಂಡು ಹೋಗುತ್ತಿದ್ದ ಬೈಕಿನವರೊಬ್ಬರು ನಿಲ್ಲಿಸಿ, "ಇಲ್ಲೇ ಮುಂದೆ ಶಾಪ್ ಇದೆ, ನಾನು ಹೇಳಿರ್ತೀನಿ, ನೀವು ನಿಧಾನ ಬನ್ನಿ" ಎಂದು ಹೋದರು. ನಾನು ತಲುಪುವ ಹೊತ್ತಿಗೆ ಯಜಮಾನರು ಆಗಲೇ ಸ್ಪ್ಯಾನರ್ ಹಿಡಿದು ಜಗಲಿಯಲ್ಲಿ ಕಾಯುತ್ತಿದ್ದರು.

ಈಗ ಕೆಲಸದ ವಿಷಯ. ಗೇರ್ ಕಡೆ ಕಡ್ಡಿ ಹಾಕಬೇಕೆಂದರೆ ಫ್ರೀವೀಲ್, ಅಂದರೆ ಹಿಂದಿನ ಚಕ್ರದ ಗೇರ್ ಹಲ್ಲುಗಳ ಗುಚ್ಛ, ಬಿಚ್ಚಲೇಬೇಕು, ಅದನ್ನು ಬಿಚ್ಚುವ ಟೂಲ್ ಇವರ ಹತ್ತಿರ ಇದೆ. ಹಳ್ಳಿಯ ಶಾಪಿನಲ್ಲಿ ಇದು ಸಿಕ್ಕಿದ್ದೇ ನನಗೆ ದೊಡ್ಡ ಸಮಾಧಾನ. ನನ್ನ ಅಳತೆಯ ಕಡ್ಡಿ ಇರಲಿಲ್ಲ. ಡಬ್ಬಿಯಿಂದ ದೊಡ್ಡ ಸೈಕಲ್ಲಿನ ಕಡ್ಡಿ ತೆಗೆದು, ಮುರಿದದ್ದರ ಪಕ್ಕ ಹಿಡಿದು ನೋಡಿದರು. ಒಂಚೂರು ಉದ್ದ. ಹಾಕಿ ಬಿಗಿ ಮಾಡಿ, ರಿಮ್ಮಿನ ಒಳಗೆ ಹೊರಬಂದ ತುದಿಯನ್ನು ಅರದಿಂದ ಉಜ್ಜಿ ಸಮ ಮಾಡಿದರು, ಇಲ್ಲದಿದ್ದರೆ ಟ್ಯೂಬಿಗೆ ಚುಚ್ಚುತ್ತದೆ. ಆಮೇಲೆ ಔಟ್, ಅಂದರೆ ಚಕ್ರದ ಸೊಟ್ಟ, ತೆಗೆದ ರೀತಿ ನೋಡಬೇಕಿತ್ತು. ಫ್ರೇಮಿಗೆ ಕೈ ಒತ್ತಿ ಸೀಮೆಸುಣ್ಣದ ತುಂಡು ಹಿಡಿದು ಚಕ್ರ ತಿರುಗಿಸುತ್ತಾರೆ, ರಿಮ್ ಎಲ್ಲಿ ಸೊಟ್ಟ ಇದೆಯೋ ಅಲ್ಲಿ ಮಾತ್ರ ಬಿಳಿ ಗೆರೆ ಬೀಳುತ್ತದೆ, ಅಲ್ಲಿ ಒಂದು ಕಡೆ ಕಾಲು ಸುತ್ತು ಸಡಿಲ, ಇನ್ನೊಂದು ಕಡೆ ಕಾಲು ಸುತ್ತು ಬಿಗಿ. ಅವಸರವೇ ಇಲ್ಲ. ಕೊನೆಗೆ ಕಡ್ಡಿಗಳನ್ನು ಬೆರಳಲ್ಲಿ ಮೀಟಿ ಕಿವಿಗೊಟ್ಟು ಕೇಳಿದರು. ಒಂದು ಕಡೆಯ ಕಡ್ಡಿಗಳೆಲ್ಲ ಒಂದೇ ಥರ ದನಿ ಕೊಟ್ಟರೆ ಬಿಗಿ ಸರಿಯಾಗಿದೆ ಎಂದರ್ಥ. ಆ ಚಕ್ರ ಆಗುಂಬೆಯವರೆಗೂ ಒಂದಿಷ್ಟೂ ಆಡಲಿಲ್ಲ. "ಆಗುಂಬೆಗೆ ಹೋಗಿ, ಆದ್ರೆ ಈ ಭಾರ ಇಟ್ಕೊಂಡು ಘಾಟಿ ಇಳಿಬೇಡಿ" ಎಂದರು. 14 ಹೇರ್‌ಪಿನ್ ತಿರುವಿನ ಘಾಟಿ, ಬ್ರೇಕ್ ಹಿಡಿದು ಹಿಡಿದು ರಿಮ್ ಬಿಸಿಯಾಗುತ್ತದೆ. ಸರಿಯಾದ ಮಾತು. ನಾನು ಇಳಿಯಲಿಲ್ಲ.

ಇದೆಲ್ಲ ಆಗುವಾಗ ಅವರ ಮನೆಯವರು ಪಕ್ಕದಲ್ಲೇ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದರು, ಬೆರಳೆಲ್ಲ ಕಪ್ಪಾಗಿತ್ತು. "ಒಬ್ಳೇ ಬಂದ್ಯಾ ಮಾರಾಯ್ತಿ? ಮನೇಲಿ ಗೊತ್ತುಂಟಾ? ಮೊದ್ಲು ಫೋನ್ ಮಾಡು." ಆಮೇಲೆ ನಾನು ಕೇಳುವ ಮೊದಲೇ, "ಬಚ್ಚಲು ಹಿಂದಿದೆ, ಹಂಡೇಲಿ ಬಿಸಿನೀರಿದೆ" ಎಂದರು. ದಾರಿಯಲ್ಲಿ ಒಬ್ಬಳೇ ಇರುವ ಹೆಂಗಸಿಗೆ ಈ ಒಂದು ಮಾತು ಎಷ್ಟು ದೊಡ್ಡದು ಅಂತ ಗೊತ್ತಿರುವವರಿಗೆ ಗೊತ್ತು. ಬರುವಷ್ಟರಲ್ಲಿ ತಟ್ಟೆಯಲ್ಲಿ ಬಿಸಿ ಕಡುಬು, ಕಾಯಿಚಟ್ನಿ, ಅಪ್ಪೆಮಿಡಿ ಉಪ್ಪಿನಕಾಯಿ. "ಅಕ್ಕ, ಸಾಕು" ಅಂದರೂ ಇನ್ನೊಂದು ಹಾಕಿದರು.

ಕೆಲಸಕ್ಕೆ ದುಡ್ಡು ತೆಗೆದುಕೊಂಡರು, ತುಂಬಾ ಕಮ್ಮಿಯೇ. ಕಡುಬಿಗೆ ಕೊಡಲು ಹೋದರೆ ಅಕ್ಕ ಮುಖವೇ ತಿರುಗಿಸಿದರು. ಹಾಗಾಗಿ ನಾನು ಕೊಟ್ಟಿರುವ ಐದೂ ರಿಪೇರಿ ಕೆಲಸಕ್ಕೆ ಮಾತ್ರ. ಊಟ ಈ ಅಂಗಡಿಯ ಸೇವೆಯಲ್ಲ, ಅಲ್ಲಿ ಹೋಗಿ ಯಾರೂ ಕಡುಬು ಕೇಳಬೇಡಿ, ದಯವಿಟ್ಟು. ಅದು ಅವರು ಮನಸ್ಸಿಂದ ಕೊಟ್ಟಿದ್ದು, ಅದಕ್ಕೆ ಮಾರ್ಕ್ಸ್ ಹಾಕುವ ಹಕ್ಕು ನನಗಿಲ್ಲ. ಹೊರಟ ಮೇಲೆ ಯಜಮಾನರು, ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿರುವ ಗುಡ್ಡೇಕೇರಿಯಲ್ಲಿ ಹೋಟೆಲ್ ಇಟ್ಟಿರುವ ನೆಂಟರಿಗೆ ಫೋನ್ ಮಾಡಿದ್ದರಂತೆ. ನನಗೆ ಹೇಳಿರಲೇ ಇಲ್ಲ. ಅಲ್ಲಿ ನೀರು ಕುಡಿಯೋಣ ಅಂತ ನಿಲ್ಲಿಸಿದರೆ ಗಲ್ಲಾದಲ್ಲಿದ್ದವರು, "ಕಡ್ಡಿ ಮುರಿದ ಹುಡುಗಿ ನೀನೇ ಅಲ್ವಾ? ಬಂದ್ಯಲ್ಲ, ಅವ್ರಿಗೊಂದು ಫೋನ್ ಮಾಡ್ತೀನಿ, ಕಾಯ್ತಿದ್ದಾರೆ" ಎಂದರು. ಕಣ್ಣು ತುಂಬಿ ಬಂತು.

ಕೊರತೆಯೂ ಹೇಳಬೇಕು. ತೆಳು ಟೈರಿನ ಟ್ಯೂಬ್, ಡಿಸ್ಕ್ ಬ್ರೇಕಿನ ಪ್ಯಾಡ್ ಇಲ್ಲಿ ಸಿಗುವುದಿಲ್ಲ, ನೀವೇ ಒಯ್ಯಿರಿ. ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ, ಕೈಯಲ್ಲಿ ಚಿಲ್ಲರೆ ಇರಲಿ. ಅಡಿಕೆ ಕೊಯ್ಲಿನ ಸಮಯದಲ್ಲಿ ಯಜಮಾನರು ಬೆಳಿಗ್ಗೆ ಹೊತ್ತು ತೋಟದಲ್ಲಿರುತ್ತಾರೆ, ಜಗಲಿಯಿಂದ ಒಂದು ಕೂಗು ಹಾಕಿದರೆ ಬರುತ್ತಾರೆ. ನಿಮ್ಮ ಹತ್ತಿರ 700 ಸೈಜಿನ ಚಕ್ರಕ್ಕಾಗುವ ಕಡ್ಡಿ ಒಂದೆರಡು ಜಾಸ್ತಿ ಇದ್ದರೆ ಅವರ ಡಬ್ಬಿಗೆ ಹಾಕಿ ಬನ್ನಿ, ಮುಂದೆ ಬರುವವರಿಗೆ ಆಗುತ್ತದೆ.