ಹಾಯಿದೋಣಿಗೆ ಗಾಳಿಮಾಪಕ: ಮಾಂಡೋವಿಯಲ್ಲಿ ಐದು ಸೀಸನ್ ಬಳಸಿದ ಮೇಲೆ

ನಮ್ಮದು 24 ಅಡಿಯ ಹಳೆಯ ಫೈಬರ್ ಹಾಯಿದೋಣಿ. ಭಾವ ಮತ್ತು ನಾನು ಪಾಲಿನಲ್ಲಿ ಕೊಂಡದ್ದು. ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿ ಪಣಜಿಯ ಹತ್ತಿರ ಮಾಂಡೋವಿಯಾಗಿ ಸಮುದ್ರ ಸೇರುತ್ತದಲ್ಲ, ಅಲ್ಲೇ ಅದರ ಲಂಗರು. ಮಳೆ ಪೂರ್ತಿ ನಿಂತ ಮೇಲೆ ಅಕ್ಟೋಬರ್ ಕೊನೆಗೆ ನೀರಿಗೆ ಇಳಿಸುತ್ತೇವೆ, ಮೇ ಮುಗಿಯುವುದರೊಳಗೆ ದಡಕ್ಕೆ ಎತ್ತುತ್ತೇವೆ. ಈ ಐದು ಸೀಸನ್‌ಗಳಲ್ಲಿ ಗಾಳಿ ನೋಡಲು ನಾಲ್ಕು ಬಗೆಯ ಸಾಧನ ಬಳಸಿದ್ದೇನೆ. ಕಡಿಮೆ ಖರ್ಚಿನಲ್ಲಿ ಬಾಳಿಕೆ ಬರುವುದು ಯಾವುದು ಅಂತ ಹುಡುಕುವವರಿಗೆ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಹಾಕಿದ್ದು ತಂತಿಯದು. ಕಂಬದ ತುದಿಯಲ್ಲಿ ಮೂರು ಬಟ್ಟಲು ತಿರುಗಿ ವೇಗ ಹೇಳುತ್ತವೆ, ಬಾಲದಂಥ ಒಂದು ಪಟ್ಟಿ ದಿಕ್ಕು ಹೇಳುತ್ತದೆ. ತಂತಿ ಕಂಬದ ಒಳಗಿನಿಂದ ಇಳಿದು, ಬುಡದಲ್ಲಿ ಒಂದು ಪ್ಲಗ್ ಮೂಲಕ ಡಿಸ್‌ಪ್ಲೇಗೆ ಹೋಗುತ್ತದೆ. ಮೊದಲ ಸೀಸನ್ ಏನೂ ತೊಂದರೆ ಇರಲಿಲ್ಲ. ಎರಡನೆಯ ವರ್ಷ ಜನವರಿಯಲ್ಲಿ ವೇಗ ಇದ್ದಕ್ಕಿದ್ದಂತೆ ಸೊನ್ನೆಗೆ ಬೀಳತೊಡಗಿತು. ತಲೆಯೆತ್ತಿ ನೋಡಿದರೆ ಬಟ್ಟಲುಗಳು ಗಿರಗಿರ ತಿರುಗುತ್ತಲೇ ಇವೆ!

ಭಾವ ಹಗ್ಗ ಎಳೆದು ನನ್ನನ್ನು ಕಂಬದ ತುದಿಗೆ ಏರಿಸಿದರು. ಮೇಲೆ ಎಲ್ಲ ಸರಿಯಾಗಿತ್ತು. ಕೆಳಗಿಳಿದು ಬುಡದ ಪ್ಲಗ್ ಬಿಚ್ಚಿದಾಗ ಕಾರಣ ಕಂಡಿತು. ಎರಡು ಪಿನ್ ಹಸಿರಾಗಿದ್ದವು. ತೊಳೆಯದೆ ಇಟ್ಟ ತಾಮ್ರದ ಚೊಂಬಿಗೆ ಕಿಲುಬು ಹಿಡಿಯುತ್ತದಲ್ಲ, ಹಾಗೆ. ಉಗುರಿನಿಂದ ಸ್ವಲ್ಪ ಕೆರೆದೆ, ಒಂದು ಪಿನ್ ಮುರಿದು ಕೈಗೇ ಬಂತು. ತಂತಿಯ ಹೊದಿಕೆ ಸೀಳಿದರೆ ಒಂದು ಗೇಣು ಒಳಗಿನವರೆಗೆ ತಾಮ್ರ ಕಪ್ಪಾಗಿತ್ತು. ಉಪ್ಪುನೀರು ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಎಳೆಗಳ ನಡುವೆ ಏರಿಬಿಟ್ಟಿತ್ತು. ಆಮೇಲೆ ತವರ ಲೇಪಿಸಿದ ತಂತಿ ಹಾಕಿದೆವು, ಜೋಡಣೆಯನ್ನು ಡೆಕ್ಕಿನ ಮೇಲಿನಿಂದ ಕ್ಯಾಬಿನ್ ಒಳಗೆ ತಂದೆವು, ಪಿನ್ನುಗಳಿಗೆ ಗ್ರೀಸ್ ತುಂಬಿದೆವು. ತಂತಿಯದನ್ನೇ ಕೊಳ್ಳುವವರು ಈ ಮೂರನ್ನು ಮೊದಲ ದಿನವೇ ಮಾಡಿ. ಎಂಥ ಒಳ್ಳೆಯ ಬ್ರ್ಯಾಂಡ್ ಆದರೂ ಈ ಕರಾವಳಿಯಲ್ಲಿ ಮೊದಲು ಕೈಕೊಡುವುದು ಪ್ಲಗ್ಗೇ.

ನಮ್ಮ ಮಾಪಕ ಅಷ್ಟಾದರೂ ಹೆಚ್ಚು ದಿನ ಉಳಿಯಲಿಲ್ಲ. ಬಿಳಿ ತಲೆಯ ಗರುಡವೊಂದು ದಿನಾ ಬಂದು ಅದರ ತೋಳಿನ ಮೇಲೆ ಕೂರುತ್ತಿತ್ತು. ಒಂದು ಬೆಳಗ್ಗೆ ಹೋದಾಗ ತೋಳು ಬಾಗಿತ್ತು, ಒಂದು ಬಟ್ಟಲು ಇರಲಿಲ್ಲ. ಆ ಭಾಗವನ್ನು ವಿದೇಶದಿಂದ ತರಿಸಲು ಸಾಗಣೆ, ಸುಂಕ ಎಲ್ಲ ಸೇರಿ ಹೊಸದರ ಅರ್ಧ ಬೆಲೆ ಹೇಳಿದರು. ಅಲ್ಲಿಗೆ ಅದನ್ನು ಬಿಟ್ಟೆವು.

ನಡುವೆ ಒಂದು ಕೈಮಾಪಕ ಕೊಂಡೆ. ಅಂಗೈಯಷ್ಟು ದೊಡ್ಡದು, ಸಣ್ಣ ಫ್ಯಾನ್ ಇರುತ್ತದೆ. ಲಂಗರಿನಲ್ಲಿ ಇರುವಾಗ, ಹೊರಡಬೇಕೋ ಬೇಡವೋ ಅಂತ ತೀರ್ಮಾನಿಸಲು ಒಳ್ಳೆಯದು. ಓಡುವಾಗ ಕಷ್ಟ. ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಹಾಯಿಯ ಹಗ್ಗ. ಅದೂ ಅಲ್ಲದೆ ನೀರಿನ ಹತ್ತಿರ ಗಾಳಿ ಕಡಿಮೆ, ಕಂಬದ ತುದಿಯಲ್ಲಿ ಜಾಸ್ತಿ.

ಮೂರನೆಯದು ವಿಂಡೆಕ್ಸ್. ಸ್ವೀಡನ್ನಿನದು, ಕಂಬದ ತುದಿಯಲ್ಲಿ ತಿರುಗುವ ಬರೀ ಒಂದು ಬಾಣ. ಕರೆಂಟ್ ಇಲ್ಲ, ತಂತಿ ಇಲ್ಲ. ಬಾಣದ ಕೆಳಗೆ ಎರಡು ಪಟ್ಟಿಗಳಿವೆ. ಗಾಳಿಗೆ ಎದುರಾಗಿ ಓರೆಯಲ್ಲಿ ಹೋಗುವಾಗ ಬಾಣದ ಬಾಲ ಆ ಪಟ್ಟಿಯ ಮೇಲೆ ಇದ್ದರೆ ಸರಿಯಾದ ಕೋನದಲ್ಲಿ ಇದ್ದೀರಿ. ನನಗೆ ಬಿದ್ದ ಖರ್ಚು ಸುಮಾರು 4 ಸಾವಿರ. ಹಕ್ಕಿ ಕೂರದಂತೆ ಪಕ್ಕದಲ್ಲೇ ಒಂದು ಚೂಪು ಕಡ್ಡಿಯನ್ನೂ ನಿಲ್ಲಿಸಿದೆವು. ಮೂರು ಸೀಸನ್ ಆಯಿತು, ಇವತ್ತಿಗೂ ಹೊಸದರ ಹಾಗೆ ತಿರುಗುತ್ತದೆ. ಕತ್ತೆತ್ತಿ ನೋಡಿ ನೋಡಿ ನೋವು ಬರುತ್ತದೆ, ಅದು ನಿಜ. ವೇಗವಂತೂ ಹೇಳುವುದಿಲ್ಲ.

ವೇಗ ಬೇಕಾಗಿದ್ದಕ್ಕೇ ನಾಲ್ಕನೆಯದು, ಸೌರಶಕ್ತಿಯ ಅಲ್ಟ್ರಾಸಾನಿಕ್ ಮಾಪಕ. ಇದರಲ್ಲಿ ತಿರುಗುವ ಭಾಗವೇ ಇಲ್ಲ. ಸೆನ್ಸರ್‌ಗಳು ಒಂದಕ್ಕೊಂದು ಶಬ್ದ ಕಳಿಸುತ್ತವೆ. ಗಾಳಿಯ ಜೊತೆ ಹೋಗುವ ಶಬ್ದ ಬೇಗ ತಲುಪುತ್ತದೆ, ಎದುರು ಹೋಗುವುದು ತಡ. ಆ ವ್ಯತ್ಯಾಸದಿಂದ ವೇಗ, ದಿಕ್ಕು ಎರಡೂ ಸಿಗುತ್ತವೆ. ಬ್ಲೂಟೂತ್‌ನಲ್ಲಿ ಫೋನಿಗೆ ಬರುತ್ತದೆ. ಸುಂಕ ಸೇರಿ 45 ಸಾವಿರದ ಹತ್ತಿರ ಆಯಿತು. ಮಧ್ಯಾಹ್ನದ ಬಿಸಿಲಿಗೆ ಫೋನ್ ಕಾದು ಪರದೆ ಮಂಕಾಗುತ್ತದೆ, ನೆರಳಿನಲ್ಲಿ ಇಡಲು ಜಾಗ ನೋಡಿಕೊಳ್ಳಿ. ಜೋರು ಮಳೆ ಬಂದರೆ ಅಂಕಿಗಳು ಹಾರಾಡುತ್ತವೆ. ಎರಡು ಸೀಸನ್ ಆದರೂ ಬ್ಯಾಟರಿಯ ಚಿಂತೆ ಬಂದಿಲ್ಲ.

ಆದರೆ ಅಂಕಿಯನ್ನು ಓದಲು ಕಲಿಯಬೇಕು. ಇದನ್ನು ಕಲಿಯಲು ನಮಗೆ ಒಂದು ಡಿಸೆಂಬರ್ ಮಧ್ಯಾಹ್ನ ಬೇಕಾಯಿತು. ನದಿಯ ಬಾಯಲ್ಲಿರುವ ಅಗ್ವಾಡ ಕೋಟೆಯ ಹೊರಗಿನಿಂದ ವಾಪಸ್ ಬರುತ್ತಿದ್ದೆವು. ಪಡುವಣ ಗಾಳಿ ಸರಿಯಾಗಿ ಬೆನ್ನಿಗೆ. ಫೋನಿನಲ್ಲಿ 11 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.).

"ಹಾಯಿ ಸ್ವಲ್ಪ ಇಳಿಸೋಣವಾ ಭಾವ?" ಅಂದೆ.

"ಹನ್ನೊಂದೇ ಅಲ್ವಾ, ಇರಲಿ ಬಿಡು" ಅಂದರು.

ದೋಣಿ 5 ನಾಟ್ ಓಡುತ್ತಿತ್ತು. ಅಂದರೆ ನಿಜವಾದ ಗಾಳಿ 16. ಲಂಗರಿನ ಹತ್ತಿರ ಮೂತಿಯನ್ನು ಗಾಳಿಗೆ ತಿರುಗಿಸಿದ ಕೂಡಲೇ ಅದೇ ಗಾಳಿ ಫೋನಿನಲ್ಲಿ 20 ಆಯಿತು. ದೋಣಿ ಪೂರ್ತಿ ಒಂದು ಬದಿಗೆ ವಾಲಿ ಡೆಕ್ಕಿನ ಅಂಚು ನೀರಿಗಿಳಿಯಿತು. ಭಾವ ಹಗ್ಗ ಬಿಟ್ಟಿದ್ದರಿಂದ ಬಚಾವಾದೆವು. ಮಾಪಕ ಸುಳ್ಳು ಹೇಳಿರಲಿಲ್ಲ. ಓಡುವ ದೋಣಿಯಲ್ಲಿ ಅದು ತೋರಿಸುವುದು ದೋಣಿಗೆ ತಾಗುವ ಗಾಳಿಯನ್ನು ಮಾತ್ರ. ನಿಜ ಗಾಳಿ ಬೇಕಾದರೆ ದೋಣಿಯ ವೇಗವನ್ನೂ ಲೆಕ್ಕಕ್ಕೆ ಸೇರಿಸಬೇಕು. ನಾವು ಜಿಪಿಎಸ್ ವೇಗ ಸೇರಿಸಿಕೊಳ್ಳುತ್ತೇವೆ. ಈಗ ಗಾಳಿ ಬೆನ್ನಿಗಿದ್ದಾಗ 10 ದಾಟಿದರೆ, ತಿರುಗುವ ಮೊದಲೇ ಹಾಯಿ ಕುಗ್ಗಿಸುತ್ತೇವೆ.

ನಿಮ್ಮ ಹತ್ತಿರ 5 ಸಾವಿರ ಇದ್ದರೆ ಬಾಣ ಹಾಕಿ, ಕಂಬವನ್ನು ಎರಡೂ ಪಕ್ಕದಿಂದ ಹಿಡಿದಿಡುವ ಬಿಗಿ ತಂತಿಗಳಿಗೆ ಹಳೆಯ ಕ್ಯಾಸೆಟ್ ಟೇಪಿನ ತುಂಡು ಕಟ್ಟಿ. ತೀರಾ ಸಣ್ಣ ಗಾಳಿಗೂ ಅದು ಹಾರುತ್ತದೆ. ಒಂದು ಸೀಸನ್ ಹಾಗೇ ಓಡಿಸಿ ನೋಡಿ. ಆಮೇಲೂ ಅಂಕಿ ಬೇಕು ಅನ್ನಿಸಿದರೆ ಅಲ್ಟ್ರಾಸಾನಿಕ್‌ಗೆ ದುಡ್ಡು ಕೂಡಿಸಿ. ಆಗಲೂ ಬಾಣ ತೆಗೆಯಬೇಡಿ, ಫೋನ್ ಸತ್ತ ದಿನ ಅದೇ ಗತಿ.

ಈ ಸಲ ಮೇನಲ್ಲಿ ಕಂಬ ಇಳಿಸಿದಾಗ ಒಳಗಿನ ಹಳೆಯ ತಂತಿ ಎಳೆದು ತೆಗೆದೆವು. ಅದರ ತುದಿಗೆ ನೈಲಾನ್ ದಾರ ಕಟ್ಟಿ, ದಾರವನ್ನು ಕಂಬದೊಳಗೇ ಬಿಟ್ಟಿದ್ದೇವೆ. ಮುಂದೆಂದಾದರೂ ತಂತಿ ಎಳೆಯಬೇಕಾದರೆ ಬೇಕಾಗುತ್ತದೆ.