ಮೂರು ಲೀಟರ್ ಕ್ಯಾಲಿಬ್ರೇಷನ್ ಸಿರಿಂಜ್: ವೀಸಾ ಕೊಡಿಸುವ ಲ್ಯಾಬನ್ನು ಒಪ್ಪುವ ಮುಂಚೆ ವಿಚಾರಿಸಬೇಕಾದ ಉಪಕರಣ

ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪಿಎಫ್‌ಟಿ ಲ್ಯಾಬ್‌ಗೆ ಹೊಸ ಬಾಡಿ ಬಾಕ್ಸ್ (ರೋಗಿಯನ್ನು ಒಳಗೆ ಕೂರಿಸಿ ಶ್ವಾಸಕೋಶದ ಗಾತ್ರ ಅಳೆಯುವ ಪೆಟ್ಟಿಗೆ) ಬಂದರೆ ಇಡೀ ವಿಭಾಗ ಬಂದು ನೋಡಿಹೋಗುತ್ತದೆ. ಆ ಬಾಕ್ಸ್ ತೋರಿಸುವ ಲೀಟರ್ ನಿಜವಾದ ಲೀಟರ್ ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಸಿರಿಂಜ್ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ. ಅದಕ್ಕೆ ಕರೆಂಟು ಬೇಡ, ಸಾಫ್ಟ್‌ವೇರ್ ಬೇಡ. ಒಂದು ಕೊಳವೆ, ಒಂದು ಪಿಸ್ಟನ್, ಒಂದು ಹಿಡಿ. ಹ್ಯಾನ್ಸ್ ರುಡಾಲ್ಫ್ ಕಂಪನಿಯ 5530 ಸರಣಿಯದಿರಲಿ, ವೈಟಲೋಗ್ರಾಫ್‌ನದಿರಲಿ, ಊದಿದ ಗಾಳಿ ಅಳೆಯುವ ಸ್ಪೈರೋಮೀಟರ್ ಜೊತೆಗೇ ಬಂದ ಬೇರೆ ಕಂಪನಿಯದಿರಲಿ, ಕೆಲಸ ಒಂದೇ: ಪ್ರತಿ ಸಲವೂ ಸರಿಯಾಗಿ 3 ಲೀಟರ್ ಗಾಳಿ ತಳ್ಳುವುದು. ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಲ್ಯಾಬ್‌ನಲ್ಲಿ ಇದಕ್ಕಿಂತ ನಂಬಿಕಸ್ಥ ಉಪಕರಣ ಇನ್ನೊಂದಿಲ್ಲ. ಆದರೆ ಇದು ಕೆಟ್ಟಾಗ ಬಾಯಿಬಿಟ್ಟು ಹೇಳುವುದಿಲ್ಲ. ಆದ್ದರಿಂದಲೇ ಉದ್ಯೋಗದಾತರೇ ವೀಸಾ ಕೊಡಿಸುವ ಸ್ಪಾನ್ಸರ್‌ಶಿಪ್ ಮೇಲೆ ಹೊರದೇಶಕ್ಕೆ ಹೊರಟ ತಂತ್ರಜ್ಞರು ಸಂಬಳದ ಜೊತೆಗೆ ಇದರ ಬಗ್ಗೆಯೂ ಕೇಳಬೇಕು ಎನ್ನುತ್ತೇವೆ.

ಮೊದಲು ಇದರ ರಚನೆ. ಅಮೆರಿಕನ್ ಥೊರಾಸಿಕ್ ಸೊಸೈಟಿ ಮತ್ತು ಯುರೋಪಿಯನ್ ರೆಸ್ಪಿರೇಟರಿ ಸೊಸೈಟಿ 2019ರಲ್ಲಿ ಹೊರತಂದ ಜಂಟಿ ಮಾನದಂಡದ ಪ್ರಕಾರ ಸಿರಿಂಜ್‌ನ ತಪ್ಪು 0.5% ಮೀರಬಾರದು, ಅಂದರೆ 3 ಲೀಟರಿಗೆ 15 ಮಿ.ಲೀ. ಪಿಸ್ಟನ್ ಎಷ್ಟು ದೂರ ಓಡಬೇಕು ಎನ್ನುವುದನ್ನು ನಿರ್ಧರಿಸುವುದು ತಡೆ. ಹಲವು ಮಾದರಿಗಳಲ್ಲಿ ಇದು ಪಿಸ್ಟನ್ ದಂಡಕ್ಕೆ ಸ್ಕ್ರೂ ಹಾಕಿ ಬಿಗಿಸಿದ ಬಳೆ. ಲೆಕ್ಕ ಹಾಕಿ ನೋಡಿ. ಕೊಳವೆಯ ಒಳವ್ಯಾಸ 10 ಸೆಂ.ಮೀ. ಎಂದುಕೊಂಡರೆ 3 ಲೀಟರಿಗೆ ಪಿಸ್ಟನ್ ಸುಮಾರು 38 ಸೆಂ.ಮೀ. ಸಾಗಬೇಕು. ಬಳೆ 1 ಮಿ.ಮೀ. ಸರಿದರೆ ಸುಮಾರು 8 ಮಿ.ಲೀ. ವ್ಯತ್ಯಾಸ. 2 ಮಿ.ಮೀ. ಸರಿಯುವಷ್ಟರಲ್ಲಿ ಇಡೀ 15 ಮಿ.ಲೀ. ಮಿತಿ ಮುಗಿದೇ ಹೋಯಿತು. ಕಣ್ಣಳತೆಗೆ 2 ಮಿ.ಮೀ. ಸಿಗುವುದಿಲ್ಲ. ಹಾಗಾಗಿ ಹೊಸ ಸಿರಿಂಜ್ ಬಂದ ದಿನವೇ ಬಳೆಯ ಅಂಚು ದಂಡದ ಮೇಲೆ ಎಲ್ಲಿದೆ ಎಂದು ಸಣ್ಣ ಗೆರೆ ಎಳೆದಿಡುವುದು ಒಳ್ಳೆಯ ಪದ್ಧತಿ. ತಡೆ ಸರಿದಿದೆಯೇ ಎಂದು ದಿನಾ ನೋಡಬೇಕು ಎಂಬುದು ಮಾನದಂಡದಲ್ಲೇ ಇದೆ, ಗೆರೆ ಇದ್ದರೆ ಅದು ಒಂದು ಕ್ಷಣದ ಕೆಲಸ.

ಬಳೆ ಸರಿಯುವುದಕ್ಕೆ ಮುಖ್ಯ ಕಾರಣ ಗುದ್ದುವುದು. ಪಿಸ್ಟನ್ನನ್ನು ಎರಡೂ ತುದಿಗೆ ಪೂರ್ತಿ ಮುಟ್ಟಿಸಲೇಬೇಕು, ಆದರೆ ಠಪ್ ಎಂದು ಬಡಿಯಬಾರದು. ಬಡಿದರೆ ಸ್ಪೈರೋಮೀಟರಿನ ಸೆನ್ಸರ್‌ನಲ್ಲಿ ಹರಿವಿನ ಗೆರೆ ಕೊನೆಯಲ್ಲಿ ನಡುಗುತ್ತದೆ, ಸ್ಕ್ರೂ ನಿಧಾನವಾಗಿ ಸಡಿಲವಾಗುತ್ತದೆ. ಕೈಗಳು ಹಿಡಿ ಮತ್ತು ಬುಡದ ಮೇಲಿರಲಿ, ಕೊಳವೆಯನ್ನು ತಬ್ಬಿ ಹಿಡಿಯುವುದು ಬೇಡ. ಸಿರಿಂಜನ್ನು ಮೇಜಿನ ಮೇಲೆ ಮಲಗಿಸಿ ತಳ್ಳಿದರೆ ಹರಿವು ನೇರವಾಗಿ ಬರುತ್ತದೆ, ಸೆನ್ಸರ್ ಕೂಡ ಅಲುಗುವುದಿಲ್ಲ.

ಉಷ್ಣಾಂಶದ ವಿಷಯದಲ್ಲಿ ಈ ಉಪಕರಣ ಬಹಳ ಸೂಕ್ಷ್ಮ. 20 ಡಿಗ್ರಿ ಆಸುಪಾಸಿನಲ್ಲಿ ಪ್ರತಿ 3 ಡಿಗ್ರಿ ವ್ಯತ್ಯಾಸಕ್ಕೆ ಗಾಳಿಯ ಗಾತ್ರ ಸುಮಾರು 1% ಬದಲಾಗುತ್ತದೆ. ಕಿಟಕಿಯ ಬಿಸಿಲಿನಲ್ಲಿಟ್ಟ ಸಿರಿಂಜ್, ಬೇರೆ ಮಹಡಿಯ ಸ್ಟೋರ್ ರೂಮಿನಿಂದ ಆಗಷ್ಟೇ ತಂದ ಸಿರಿಂಜ್, ಎರಡೂ ಸುಳ್ಳು ಹೇಳುತ್ತವೆ. ಸ್ಪೈರೋಮೀಟರ್ ಇರುವ ಕೋಣೆಯಲ್ಲೇ, ಅದರ ಹತ್ತಿರವೇ, ಎಸಿ ಗಾಳಿ ನೇರ ಬೀಳದ ಕಡೆ ಇಡಬೇಕು. ಪಿಸ್ಟನ್ ಒಳಗೆ ತಳ್ಳಿದ ಸ್ಥಿತಿಯಲ್ಲೇ ಇಟ್ಟರೆ ದಂಡಕ್ಕೆ ಪೆಟ್ಟು ಬೀಳುವುದಿಲ್ಲ, ಒಳಗೆ ಧೂಳು ಸೇರುವುದೂ ಕಡಿಮೆ.

ದಿನದ ಬಳಕೆ ಹೀಗೆ. ಯಂತ್ರ ಬಿಸಿಯಾಗಲು ಕಂಪನಿ ಹೇಳಿದಷ್ಟು ಹೊತ್ತು ಬಿಡಿ. ಕೋಣೆಯ ಉಷ್ಣಾಂಶ, ತೇವಾಂಶ, ವಾಯುಭಾರ ಸರಿಯಾಗಿ ನಮೂದಾಗಿವೆಯೇ ನೋಡಿ. ರೋಗಿಗೆ ಫಿಲ್ಟರ್ ಹಾಕಿ ಪರೀಕ್ಷೆ ಮಾಡುವ ಲ್ಯಾಬ್ ಆದರೆ ಕ್ಯಾಲಿಬ್ರೇಷನ್ನಿಗೂ ಅದೇ ಮಾದರಿಯ ಫಿಲ್ಟರ್ ಹಾಕಲೇಬೇಕು, ಏಕೆಂದರೆ ಫಿಲ್ಟರ್ ಹರಿವಿಗೆ ತಡೆ ಒಡ್ಡುತ್ತದೆ. ಸಿರಿಂಜನ್ನು ಒಂದೆರಡು ಸಲ ಖಾಲಿ ಎಳೆದು ತಳ್ಳಿ ಒಳಗೆ ಕೋಣೆಯ ಗಾಳಿ ತುಂಬಿಕೊಳ್ಳಿ. ಸೆನ್ಸರ್ ಅಲುಗಾಡದಂತೆ ಹಿಡಿದು ಝೀರೋ ಮಾಡಿ, ಅಂದರೆ ಹರಿವೇ ಇಲ್ಲದಾಗ ಯಂತ್ರ ಸೊನ್ನೆ ಓದುವಂತೆ ಹೊಂದಿಸಿ. ಆಮೇಲೆ ಕನಿಷ್ಠ ಮೂರು ಬೇರೆ ಬೇರೆ ವೇಗದಲ್ಲಿ ತಳ್ಳಿ: 3 ಲೀಟರನ್ನು ಸುಮಾರು 6 ಸೆಕೆಂಡಿನಲ್ಲಿ ನಿಧಾನವಾಗಿ, ಅರ್ಧ ಸೆಕೆಂಡಿನಲ್ಲಿ ಜೋರಾಗಿ, ನಡುವಿನ ವೇಗದಲ್ಲಿ ಒಂದು. ಉಸಿರು ಎಳೆಯುವುದನ್ನೂ ಅಳೆಯುವ ಯಂತ್ರವಾದರೆ ಎರಡೂ ದಿಕ್ಕು ನೋಡಬೇಕು. ಪ್ರತಿ ಓದೂ 2.91ರಿಂದ 3.09 ಲೀಟರ್ ಒಳಗೆ ಬರಬೇಕು. ಈ 3% ಅಂತರದಲ್ಲಿ 2.5% ಸ್ಪೈರೋಮೀಟರಿನ ಪಾಲು, 0.5% ಸಿರಿಂಜ್‌ನ ಪಾಲು.

ಕ್ಯಾಲಿಬ್ರೇಷನ್ ಪರದೆಯ ಬದಲು ರೋಗಿಯ ಪರೀಕ್ಷೆಯ ಪರದೆಯಲ್ಲಿ ಸಿರಿಂಜ್ ಎಳೆದರೆ 3.00 ಬದಲು 3.27ರಂಥ ಸಂಖ್ಯೆ ಬರಬಹುದು. ಯಂತ್ರ ಕೆಟ್ಟಿಲ್ಲ. ಒಳಗೆಳೆದ ಗಾಳಿಯನ್ನು ಸಾಫ್ಟ್‌ವೇರ್ ದೇಹದ 37 ಡಿಗ್ರಿಗೆ, ಪೂರ್ತಿ ತೇವಕ್ಕೆ ಹೊಂದಿಸಿ ಬಿಟಿಪಿಎಸ್ ಲೆಕ್ಕದಲ್ಲಿ ತೋರಿಸುತ್ತಿದೆ. 22 ಡಿಗ್ರಿ ಕೋಣೆಗೆ ಆ ಗುಣಕ ಸುಮಾರು 1.09.

ಈಗ ಮುಖ್ಯ ವಿಷಯಕ್ಕೆ ಬರೋಣ: ಓದು ತಪ್ಪಿದಾಗ ಏನು ಮಾಡಬೇಕು. 2.88 ಬಂತು ಎನ್ನಿ, 4% ಕಡಿಮೆ. ಅವಸರದಲ್ಲಿರುವವರು ತಕ್ಷಣ ‘ಕ್ಯಾಲಿಬ್ರೇಟ್’ ಒತ್ತುತ್ತಾರೆ. ಯಂತ್ರ, ಪ್ರತಿ ಅಳತೆಯನ್ನೂ ಗುಣಿಸುವ ತನ್ನ ತಿದ್ದುಪಡಿ ಗುಣಕವನ್ನು 4% ಏರಿಸಿಕೊಂಡು ಹಸಿರು ಟಿಕ್ ತೋರಿಸುತ್ತದೆ. ಆದರೆ ಕಾರಣ ಸಿರಿಂಜ್ ಮತ್ತು ಸೆನ್ಸರ್ ನಡುವಿನ ರಬ್ಬರ್ ಅಡಾಪ್ಟರ್ ಸೋರುತ್ತಿದ್ದುದಾದರೆ? ರೋಗಿ ಊದುವಾಗ ಆ ಅಡಾಪ್ಟರ್ ಅಲ್ಲಿರುವುದೇ ಇಲ್ಲ. ಸೋರಿಕೆ ಹೋಯಿತು, ಏರಿಸಿದ ಗುಣಕ ಉಳಿಯಿತು. 3.00 ಲೀಟರ್ ಊದಿದವರಿಗೆ 3.12 ಎಂದು ವರದಿ ಹೋಗುತ್ತದೆ. ಆ ದಿನ ಬಂದ ಪ್ರತಿಯೊಬ್ಬರ ಎಫ್‌ವಿಸಿ (ಜೋರಾಗಿ ಪೂರ್ತಿ ಊದಿದ ಗಾಳಿ), ಎಫ್‌ಇವಿ1 (ಅದರಲ್ಲಿ ಮೊದಲ ಸೆಕೆಂಡಿನ ಪಾಲು) ಎರಡೂ ಒಂದೇ ಪ್ರಮಾಣದಲ್ಲಿ ಉಬ್ಬಿರುವುದರಿಂದ ಅವೆರಡರ ಅನುಪಾತ ಮಾತ್ರ ಸರಿಯಾಗಿಯೇ ಕಾಣುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಶ್ವಾಸಕೋಶ ಕುಗ್ಗುತ್ತಿರುವ ರೋಗಿಯೊಬ್ಬರು ನಾರ್ಮಲ್ ಎನಿಸಿಕೊಂಡು ಮನೆಗೆ ಹೋಗಬಹುದು. ಆರೋಗ್ಯವಂತ ವಯಸ್ಕರ ಎಫ್‌ಇವಿ1 ವರ್ಷಕ್ಕೆ ಸುಮಾರು 25ರಿಂದ 30 ಮಿ.ಲೀ. ಇಳಿಯುತ್ತದೆ, 3 ಲೀಟರಿನಲ್ಲಿ 4% ಅಂದರೆ 120 ಮಿ.ಲೀ., ನಾಲ್ಕು ವರ್ಷದ ಇಳಿಕೆಯನ್ನು ಒಂದು ಬಟನ್ ಮುಚ್ಚಿಹಾಕುತ್ತದೆ.

ಆದ್ದರಿಂದ ಬಟನ್ ಕೊನೆಗೆ. ಮೊದಲು ಅಡಾಪ್ಟರ್ ಕಳಚಿ ಬಿರುಕು ಇದೆಯೇ ನೋಡಿ, ಮತ್ತೆ ಬಿಗಿಯಾಗಿ ಕೂರಿಸಿ. ಫಿಲ್ಟರ್ ಬದಲಿಸಿ. ಝೀರೋ ಮತ್ತೆ ಮಾಡಿ. ಪಿಸ್ಟನ್ ಎರಡೂ ತುದಿಗೆ ಮುಟ್ಟಿತೇ ಎಂದು ಗಮನಿಸಿ ಇನ್ನೊಮ್ಮೆ ತಳ್ಳಿ. ತಪ್ಪಿನ ಸ್ವರೂಪವೇ ಕಾರಣ ಹೇಳುತ್ತದೆ. ಮೂರೂ ವೇಗದಲ್ಲಿ ಒಂದೇ ರೀತಿ ಕಡಿಮೆ ಬಂದರೆ ಸೋರಿಕೆ, ಸರಿದ ಬಳೆ ಅಥವಾ ಹಳೆಯ ಗುಣಕ. ನಿಧಾನದ ತಳ್ಳಿನಲ್ಲಿ ಮಾತ್ರ ತಪ್ಪಿದ್ದರೆ ಝೀರೋ ಕಡೆ ಬೆರಳು ತೋರಿಸಿ: ಝೀರೋ ಸೆಕೆಂಡಿಗೆ 0.02 ಲೀಟರ್ ತಪ್ಪಿದ್ದರೂ 6 ಸೆಕೆಂಡಿನಲ್ಲಿ ಅದು 120 ಮಿ.ಲೀ. ಆಗುತ್ತದೆ, ಅರ್ಧ ಸೆಕೆಂಡಿನಲ್ಲಿ ಬರೀ 10 ಮಿ.ಲೀ. ಫ್ಯಾನು ಅಥವಾ ಎಸಿ ಗಾಳಿ ಸೆನ್ಸರ್ ಬಾಯಿಗೆ ಬಡಿಯುತ್ತಿದ್ದರೆ ಇದೇ ಆಗುತ್ತದೆ. ಗಾಳಿಗೆ ರೆಕ್ಕೆ ತಿರುಗುವ ಟರ್ಬೈನ್ ಮಾದರಿಯಲ್ಲಿ ನಿಧಾನದ ಓದು ಕಡಿಮೆಯಾದರೆ ರೆಕ್ಕೆಗೆ ಕೂದಲೋ ಕಫವೋ ಸಿಕ್ಕಿರಬಹುದು. ಜಾಲರಿಯ ಎರಡು ಬದಿಯ ಒತ್ತಡದ ವ್ಯತ್ಯಾಸದಿಂದ ಹರಿವು ಅಳೆಯುವ ನ್ಯುಮೋಟ್ಯಾಕ್‌ನಲ್ಲಿ ಓದು ಜಾಸ್ತಿ ಬಂದರೆ ಜಾಲರಿ ಒದ್ದೆಯಾಗಿದೆ ಅಥವಾ ಕಟ್ಟಿಕೊಂಡಿದೆ, ಅದೇ ಹರಿವಿಗೆ ಒತ್ತಡ ಹೆಚ್ಚಾಗಿ ಯಂತ್ರ ಹೆಚ್ಚು ಎಣಿಸುತ್ತಿದೆ. ಇದೆಲ್ಲ ಮುಗಿದ ಮೇಲೆ ಮರುಕ್ಯಾಲಿಬ್ರೇಷನ್, ಅದಾದ ಮೇಲೆ ತಪ್ಪದೆ ಮತ್ತೊಮ್ಮೆ ಮೂರು ವೇಗದ ಪರಿಶೀಲನೆ. ಗುಣಕ ಹಿಂದಿನದಕ್ಕಿಂತ 6% ಅಥವಾ ಹೆಚ್ಚು ಬದಲಾದರೆ ಅದನ್ನು ಒಪ್ಪಬೇಡಿ, ಸೆನ್ಸರ್ ಬಿಚ್ಚಿ ಶುಚಿಮಾಡಿ. ಅಲ್ಲಿಯವರೆಗೆ ರೋಗಿಗಳನ್ನು ಕಾಯಿಸುವುದೇ ಸರಿ.

ಸಿರಿಂಜೇ ಸೋರುತ್ತಿದೆಯೇ ಎಂದು ತಿಂಗಳಿಗೊಮ್ಮೆ ನೋಡಬೇಕು. ಬಾಯಿಗೆ ಬಿರಡೆ ಹಾಕಿ ಪಿಸ್ಟನ್ ತಳ್ಳಿ. ಗಾಳಿ ಸ್ವಲ್ಪ ಅದುಮಿಕೊಂಡು ಕೈಗೆ ಸ್ಪ್ರಿಂಗಿನಂತೆ ತಿರುಗಿ ಒತ್ತಬೇಕು, ಕೈ ಬಿಟ್ಟರೆ ಪಿಸ್ಟನ್ ಹಿಂದೆ ಬರಬೇಕು. ಮೆಲ್ಲಗೆ ಒಳಗೆ ಇಳಿಯುತ್ತಲೇ ಹೋದರೆ ಸೀಲ್ ಸವೆದಿದೆ. ಒಂದೇ ಜಾಗದಲ್ಲಿ ನೋಡಿ ಬಿಡಬೇಡಿ. ಕೊಳವೆಯ ಒಳಮೈಯಲ್ಲಿ ಗೀರು ಎಲ್ಲಿದೆಯೋ ಅಲ್ಲಿ ಮಾತ್ರ ಸೋರುತ್ತದೆ, ಹಾಗಾಗಿ ಪೂರ್ತಿ, ಅರ್ಧ, ಕಾಲು ಹೀಗೆ ಬೇರೆ ಬೇರೆ ಕಡೆ ನಿಲ್ಲಿಸಿ ತಳ್ಳಿ. ಪಿಸ್ಟನ್ ಬಿಗಿಯಾಯಿತೆಂದು ಎಣ್ಣೆ ಬಿಡುವವರಿದ್ದಾರೆ. ಕಂಪನಿ ಹೇಳದ ಎಣ್ಣೆ ಸೀಲನ್ನು ಉಬ್ಬಿಸಬಹುದು, ಧೂಳನ್ನು ಹಿಡಿದಿಡುತ್ತದೆ. ಕೆಳಗೆ ಬಿದ್ದ ಸಿರಿಂಜ್ ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಪರಿಶೀಲನೆಗೆ ಕಳಿಸುವವರೆಗೆ ಬಳಸಬಾರದು.

ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ಎಷ್ಟು ಚೆನ್ನಾಗಿ ದಾಟುತ್ತದೆ ಎಂದು ಕಾರ್ಬನ್ ಮಾನಾಕ್ಸೈಡ್ ಬಳಸಿ ಅಳೆಯುವ ಡಿಎಲ್‌ಸಿಒ ಯಂತ್ರಕ್ಕೂ ಇದು ನೆರವಾಗುತ್ತದೆ. ಸಿರಿಂಜ್‌ಗೆ ರಕ್ತವಿಲ್ಲ, ಕಾರ್ಬನ್ ಮಾನಾಕ್ಸೈಡ್ ಹೀರಿಕೊಳ್ಳುವುದಿಲ್ಲ. ಅದರಿಂದ ‘ಪರೀಕ್ಷೆ’ ಮಾಡಿದರೆ ಉತ್ತರ ಸೊನ್ನೆಯ ಹತ್ತಿರ ಬರಬೇಕು. ಬರದಿದ್ದರೆ ಗ್ಯಾಸ್ ಅನಲೈಸರ್ ಅಥವಾ ವಾಲ್ವ್ ಸೋರಿಕೆ ಹುಡುಕಿ. ಮುಗಿದ ಮೇಲೆ ಉಳಿದ ಗ್ಯಾಸ್ ಹೋಗುವಂತೆ ಕೋಣೆಯ ಗಾಳಿಯಿಂದ ಹಲವು ಸಲ ತೊಳೆಯಿರಿ.

ಕೊರತೆಯೂ ಇದೆ. ಸಿರಿಂಜ್ ತಳ್ಳುವುದು ಒಣ, ತಣ್ಣನೆಯ ಗಾಳಿ. ಮನುಷ್ಯನ ಉಸಿರು ಬಿಸಿ, ತೇವ. ಬಿಟಿಪಿಎಸ್ ಲೆಕ್ಕ ತಪ್ಪಿದ್ದರೆ, ಕೋಣೆಯ ಥರ್ಮಾಮೀಟರ್ ಕೆಟ್ಟಿದ್ದರೆ ಸಿರಿಂಜ್ ಅದನ್ನು ಹಿಡಿಯುವುದೇ ಇಲ್ಲ. ಅದಕ್ಕೆ ಆರೋಗ್ಯವಂತ, ಧೂಮಪಾನ ಮಾಡದ ಸಿಬ್ಬಂದಿಯೊಬ್ಬರು ನಿಯಮಿತವಾಗಿ ಊದಿ ತಮ್ಮದೇ ಹಳೆಯ ಸಂಖ್ಯೆಗಳ ಜೊತೆ ಹೋಲಿಸಬೇಕು. ಬಯಾಲಜಿಕಲ್ ಕಂಟ್ರೋಲ್ ಎನ್ನುವುದು ಇದನ್ನೇ. ಸಿರಿಂಜ್ ಒಂದನ್ನೇ ನಂಬಿದ ಲ್ಯಾಬ್ ಅರ್ಧ ದಾರಿಯಲ್ಲಿ ನಿಂತಂತೆ.

ವೀಸಾಕ್ಕೂ ಇದಕ್ಕೂ ಏನು ಸಂಬಂಧ? ಸ್ವಂತ ಊರಿನಲ್ಲಿ ಲ್ಯಾಬ್ ಸರಿಯಿಲ್ಲದಿದ್ದರೆ ಬೇರೆ ಕಡೆ ಸೇರಬಹುದು. ಸ್ಪಾನ್ಸರ್‌ಶಿಪ್‌ನಲ್ಲಿ ವಾಸದ ಹಕ್ಕೇ ಆ ಉದ್ಯೋಗದಾತರಿಗೆ ಕಟ್ಟಿಕೊಂಡಿರುತ್ತದೆ. ಬ್ರಿಟನ್ನಿನಲ್ಲಿ ಕೆಲಸ ಬದಲಿಸಬೇಕಾದರೆ ಹೊಸ ಉದ್ಯೋಗದಾತರಿಂದ ಹೊಸ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್ ಪಡೆದು ವೀಸಾಕ್ಕೆ ಮತ್ತೆ ಅರ್ಜಿ ಹಾಕಬೇಕು. ಇದ್ದ ಕೆಲಸ ನಿಂತರೆ ಸಾಮಾನ್ಯವಾಗಿ ಸಿಗುವುದು 60 ದಿನ. ಅಮೆರಿಕದ ಎಚ್-1ಬಿ ಉದ್ಯೋಗ ವೀಸಾದಲ್ಲೂ ಗರಿಷ್ಠ 60 ದಿನದ ಅವಕಾಶ, ಅಷ್ಟರಲ್ಲಿ ಇನ್ನೊಬ್ಬರು ಪಿಟಿಷನ್ ಹಾಕಬೇಕು. ಅದೂ ಅಲ್ಲದೆ ಎಚ್-1ಬಿಗೆ ಆ ಹುದ್ದೆಗೆ ಸಂಬಂಧಪಟ್ಟ ವಿಷಯದಲ್ಲೇ ಪದವಿ ಬೇಕೆಂದು ತೋರಿಸಬೇಕಾಗುತ್ತದೆ, ಅದಕ್ಕಿಂತ ಕಡಿಮೆ ಓದಿದವರನ್ನೂ ತೆಗೆದುಕೊಳ್ಳುವ ಪಿಎಫ್‌ಟಿ ಹುದ್ದೆಗಳಿಗೆ ಇದು ಸುಲಭವಲ್ಲ. ಇಂಥ ಕಟ್ಟಿನಲ್ಲಿರುವ ತಂತ್ರಜ್ಞರಿಗೆ ‘ಇವತ್ತು ರೋಗಿಗಳನ್ನು ತೆಗೆದುಕೊಳ್ಳುವುದಿಲ್ಲ, ಸಿರಿಂಜ್ ಸರಿಯಿಲ್ಲ’ ಎಂದು ಹೇಳುವುದು ಕಷ್ಟ. ಹಾಗೆ ಹೇಳಿದರೆ ಬೆನ್ನಿಗೆ ನಿಲ್ಲುವ ಲ್ಯಾಬ್ ಯಾವುದು ಎಂದು ಸಹಿ ಹಾಕುವ ಮುಂಚೆಯೇ ತಿಳಿಯಬೇಕು.

ವೀಡಿಯೋ ಸಂದರ್ಶನದ ಕೊನೆಗೆ ‘ನಿಮ್ಮ ಪ್ರಶ್ನೆ ಏನಾದರೂ ಇದೆಯೇ’ ಎನ್ನುತ್ತಾರಲ್ಲ, ಆಗ ಕೇಳಿ. ಮೊದಲ ರೋಗಿಗಿಂತ ಮುಂಚೆ ಪರಿಶೀಲನೆಗೆಂದು ರೋಸ್ಟರಿನಲ್ಲಿ ಸಮಯ ಇಟ್ಟಿದ್ದೀರಾ? ಸಿರಿಂಜ್‌ನ ಅಳತೆ ಪರಿಶೀಲಿಸಿ ಕೊಟ್ಟ ಸರ್ಟಿಫಿಕೇಟ್ ಯಾವ ತಿಂಗಳಿನದು? ಅದು ಪರಿಶೀಲನೆಗೆ ಹೋದಾಗ ಬಳಸಲು ಎರಡನೆಯದು ಇದೆಯೇ? ಓದು ಮಿತಿ ಮೀರಿದ ದಿನ ಪರೀಕ್ಷೆ ನಿಲ್ಲಿಸುವ ಅಧಿಕಾರ ಯಾರಿಗೆ? ಕೊನೆಯ ಪ್ರಶ್ನೆಗೆ ‘ಆ ಹೊತ್ತಿಗೆ ಕೆಲಸದಲ್ಲಿರುವ ತಂತ್ರಜ್ಞರಿಗೆ’ ಎಂಬ ಉತ್ತರ ತಡವರಿಸದೆ ಬಂದರೆ ಸಂತೋಷದಿಂದ ಒಪ್ಪಿಕೊಳ್ಳಬಹುದು. ‘ಬಯೋಮೆಡಿಕಲ್‌ನವರು (ಉಪಕರಣ ನಿರ್ವಹಣೆಯ ವಿಭಾಗದವರು) ನೋಡಿಕೊಳ್ಳುತ್ತಾರೆ’ ಎಂದಷ್ಟೇ ಹೇಳಿದರೆ ಇನ್ನಷ್ಟು ಕೆದಕಿ ಕೇಳಿ.

ಎರಡನೇ ಸಿರಿಂಜ್ ಬಗ್ಗೆ ಇಷ್ಟು ಒತ್ತು ಯಾಕೆಂದರೆ, ಕಂಪನಿಗೆ ಕಳಿಸಿದ್ದು ವಾಪಸು ಬರಲು ವಾರಗಳೇ ಹಿಡಿಯುತ್ತವೆ, ಒಂದೇ ಇರುವ ಕಡೆ ಆ ವಾರಗಳಲ್ಲಿ ದಿನದ ಪರಿಶೀಲನೆಯೇ ನಿಂತುಬಿಡುತ್ತದೆ. ವಾಪಸು ಬಂದಾಗ ಸರ್ಟಿಫಿಕೇಟ್‌ನಲ್ಲಿ ಸರಿಪಡಿಸಿದ ನಂತರದ ಅಳತೆ ಮಾತ್ರ ಇದ್ದರೆ ಸಾಲದು. ಬಂದ ಸ್ಥಿತಿಯಲ್ಲಿ ಎಷ್ಟಿತ್ತು ಎಂಬ ಅಳತೆಯನ್ನೂ ಬರೆದು ಕೊಡಬೇಕೆಂದು ಕಳಿಸುವಾಗಲೇ ಹೇಳಿಡಿ. ಅದು 3.00ರ ಬದಲು 2.95 ಇತ್ತೆಂದು ಗೊತ್ತಾದರೆ ಆ ಸಿರಿಂಜ್‌ನಿಂದ ಹೊಂದಿಸಿದ ಯಂತ್ರದ ವರದಿಗಳನ್ನು ಹಿಂದೆ ಹೋಗಿ ನೋಡಬೇಕಾಗುತ್ತದೆ, ಯಾವ ದಿನದಿಂದ ಎನ್ನುವುದನ್ನು ಬಯಾಲಜಿಕಲ್ ಕಂಟ್ರೋಲ್‌ನ ಲಾಗ್ ತೋರಿಸುತ್ತದೆ.